ಸೀಡರ್ ದೋಣಿಯ ಸಂದಿಗೆ ಯಾವ ಪುಟ್ಟಿ?

ಸೀಡರ್ ಪಟ್ಟಿಗಳನ್ನು ಅಂಟಿಸಿ ಕಟ್ಟಿದ ಕನೂ ದೋಣಿ ಇದು. ಪಟ್ಟಿಯ ದಪ್ಪ ಸುಮಾರು 6 ಮಿಲಿಮೀಟರ್, ಅಷ್ಟೇ. ಮೇಲೆ ಫೈಬರ್‌ಗ್ಲಾಸ್ ಬಟ್ಟೆ, ಎಪಾಕ್ಸಿ. ಆ ಹೊದಿಕೆ ಪಾರದರ್ಶಕ. ಕೆಳಗೆ ತುಂಬಿದ ಪುಟ್ಟಿ ದೋಣಿ ಇರುವಷ್ಟು ಕಾಲ ಕಾಣುತ್ತದೆ.

ನೀರು ಬೆರೆತ ಅಂಗಡಿ ಪುಟ್ಟಿ ಬೇಡ. ಒಣಗಿದರೆ ಕುಗ್ಗುತ್ತದೆ. ಅದೇ ಸೀಡರ್ ಉಜ್ಜಿದಾಗ ಉದುರಿದ ನುಣ್ಣನೆಯ ಹುಡಿ ಇದೆಯಲ್ಲ, ಅದನ್ನೇ ಎಪಾಕ್ಸಿಗೆ ಕಲಸಿ. ಗಟ್ಟಿ ಚಟ್ನಿಯ ಹದ ಸಾಕು.

ಈ ಮಿಶ್ರಣ ಮರಕ್ಕಿಂತ ಕಪ್ಪಾಗುತ್ತದೆ, ಮೊದಲು ತುಂಡು ಪಟ್ಟಿಯ ಮೇಲೆ ಹಚ್ಚಿ ನೋಡಿ. ಒಣಗಿದ ಮೇಲೆ ಸೀಡರ್‌ಗಿಂತ ಗಡಸು ಕೂಡ; ಸ್ಯಾಂಡ್‌ಪೇಪರ್ ಉಜ್ಜಿದರೆ ಪಕ್ಕದ ಮೆದು ಮರವೇ ಸವೆದು ಹಳ್ಳ ಬೀಳುತ್ತದೆ. ಹಾಗಾಗಿ ಸಂದಿಯೊಳಗೆ ಒತ್ತಿ, ಹೆಚ್ಚಾದದ್ದನ್ನು ಹಸಿಯಿರುವಾಗಲೇ ಕೆರೆದು ತೆಗೆಯಿರಿ. ಉಜ್ಜುವಾಗ ಮಾಸ್ಕ್ ಮರೆಯಬೇಡಿ: ಕೆಂಪು ಸೀಡರ್ ಹುಡಿ ಆಸ್ತಮಾ ತರಬಲ್ಲದು.