ಹುಡುಗನ ಟ್ಯೂನಿನಲ್ಲಿ ಅಡಗಿ ಕೂತ ಖಳನಾಯಕ

1999ರ ‘ಸ್ಟಾರ್ ವಾರ್ಸ್: ದಿ ಫ್ಯಾಂಟಮ್ ಮೆನೇಸ್’ ಚಿತ್ರದಲ್ಲಿ ಅನಾಕಿನ್ ಎಂಬ ಒಂಬತ್ತು ವರ್ಷದ ಹುಡುಗನಿದ್ದಾನೆ. ಅವನಿಗಾಗಿ ಸಂಯೋಜಕ ಜಾನ್ ವಿಲಿಯಮ್ಸ್ ಒಂದು ಟ್ಯೂನ್ ಕಟ್ಟಿದ್ದಾರೆ. ಎಷ್ಟು ಎಳೆಯದು, ಎಷ್ಟು ಮುಗ್ಧ! ಕೇಳುತ್ತಿದ್ದರೆ ಹುಡುಗನ ತಲೆ ನೇವರಿಸಬೇಕು ಅನ್ನಿಸುತ್ತದೆ. ಆದರೆ ಅದು ಮುಗಿಯುವ ಹೊತ್ತಿಗೆ ಕಿವಿ ನಿಮಿರಿಸಿ. ಎಲ್ಲೋ ಕೇಳಿದಂತಿರುವ ಕೆಲವು ಸ್ವರ... ಅರೆ, ಇದು ಖಳನಾಯಕ ಡಾರ್ತ್ ವೇಡರ್‌ನ ಮಾರ್ಚ್ ಟ್ಯೂನ್ ಅಲ್ಲವೇ! ಹಳೆಯ ಚಿತ್ರಗಳಿಗೂ ಹಿಂದಿನ ಕಥೆ ಇದು. ಈ ಹುಡುಗನೇ ಬೆಳೆದು ಮುಂದೆ ಆ ಕಪ್ಪು ಮುಖವಾಡದ ವೇಡರ್ ಆಗುವವನು. ತೆರೆಯ ಮೇಲೆ ಯಾರಿಗೂ ಗೊತ್ತಿಲ್ಲದ ಭವಿಷ್ಯ ಆರ್ಕೆಸ್ಟ್ರಾಕ್ಕೆ ಆಗಲೇ ಗೊತ್ತು!

ಒಮ್ಮೆ ಇದು ಕಿವಿಗೆ ಬಿತ್ತೆಂದರೆ ಇಡೀ ಸರಣಿಯೇ ಬೇರೆಯಾಗಿ ಕೇಳಿಸತೊಡಗುತ್ತದೆ. ಎಲ್ಲ ಶುರುವಾದದ್ದು 1977ರಲ್ಲಿ, ಮೊದಲ ಚಿತ್ರದೊಂದಿಗೆ. ಸಿಂಥಸೈಜರಿನ ಹೊಸ ಗಾಳಿ ಬೀಸುತ್ತಿದ್ದ ಕಾಲ. ಬಾಹ್ಯಾಕಾಶದ ಚಿತ್ರಕ್ಕೆ ವಿಚಿತ್ರ ಎಲೆಕ್ಟ್ರಾನಿಕ್ ಸದ್ದುಗಳೇ ಸರಿ ಎಂದು ಯಾರಾದರೂ ಹೇಳಬಹುದಿತ್ತು. ನಿರ್ದೇಶಕ ಜಾರ್ಜ್ ಲೂಕಸ್ ಮತ್ತು ವಿಲಿಯಮ್ಸ್ ಹಿಡಿದದ್ದು ಹಳೆಯ ದಾರಿ. ಆ ಮಾರ್ಚ್ ತಿಂಗಳಲ್ಲಿ ಲಂಡನ್ ಹೊರವಲಯದ ಡೆನಮ್‌ನ ಆನ್ವಿಲ್ ಸ್ಟುಡಿಯೋದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಕಣ್ಣಿಗೆ ಎಂದೂ ಕಾಣದ ಲೋಕ, ಕಿವಿಗೆ ಪರಿಚಿತ ಭಾವ! ಎರಡು ಸೂರ್ಯರು ಮುಳುಗುವುದನ್ನು ಕಥಾನಾಯಕ ಲ್ಯೂಕ್ ನಿಂತು ನೋಡುವಾಗ ಒಂಟಿ ಫ್ರೆಂಚ್ ಹಾರ್ನ್ ಏಳುತ್ತದೆ, ಅದರ ಬೆನ್ನಿಗೇ ಪಿಟೀಲುಗಳೆಲ್ಲ ಉಕ್ಕಿ ಬರುತ್ತವೆ. ಆ ಕ್ಷಣ ಅವನ ಹಂಬಲ ನಮ್ಮದೇ ಆಗಿಬಿಡುತ್ತದೆ.

ಪಾತ್ರಕ್ಕೊಂದು, ಶಕ್ತಿಗೊಂದು ಟ್ಯೂನ್ ಕೊಡುವುದು ವಾಗ್ನರ್‌ನ ಒಪೆರಾಗಳು ಬೆಳೆಸಿದ ಪದ್ಧತಿ. ವಿಲಿಯಮ್ಸ್ ಅದನ್ನು ಎಲ್ಲಿಗೆ ಕೊಂಡೊಯ್ದರು ನೋಡಿ! ಜಗತ್ತಿಗೆಲ್ಲ ಬಾಯಿಪಾಠವಾಗಿರುವ ವೇಡರ್‌ನ ಮಾರ್ಚ್ ಮೊದಲ ಚಿತ್ರದಲ್ಲಿ ಇಲ್ಲವೇ ಇಲ್ಲ. ಅದು ಬಂದದ್ದು 1980ರಲ್ಲಿ, ಎರಡನೆಯ ಚಿತ್ರದ ಜತೆ, ಹಿತ್ತಾಳೆ ವಾದ್ಯಗಳ ಆರ್ಭಟದೊಂದಿಗೆ. 1983ರ ಚಿತ್ರದಲ್ಲಿ ವೇಡರ್ ತನ್ನ ಮಗ ಲ್ಯೂಕನ ಎದುರು ಪ್ರಾಣ ಬಿಡುವಾಗ ಆ ಆರ್ಭಟವೆಲ್ಲ ಕರಗಿಹೋಗಿರುತ್ತದೆ. ಅದೇ ಮಾರ್ಚ್ ಈಗ ಬಿಡಿ ವಾದ್ಯಗಳಲ್ಲಿ ತಡೆತಡೆದು ಬಂದು, ಕೊನೆಗೆ ಹಾರ್ಪ್‌ನ ತಂತಿಗಳಲ್ಲಿ ನಿಲ್ಲುತ್ತದೆ. ಅದೇ ಸ್ವರಗಳು, ಆದರೆ ಈಗ ಅವು ಒಬ್ಬ ಅಪ್ಪನವು!

ಇನ್ನೂ ಇದೆ. ‘ಫ್ಯಾಂಟಮ್ ಮೆನೇಸ್’ ಕೊನೆಯಲ್ಲಿ ವಿಜಯದ ಮೆರವಣಿಗೆ. ಮಕ್ಕಳು ಕುಣಿದಾಡುವಂತೆ ಹಾಡುತ್ತಾರೆ, ಊರಿಗೆ ಊರೇ ಸಂಭ್ರಮಿಸುತ್ತದೆ. ಆ ಹಾಡನ್ನು ನಿಧಾನಗೊಳಿಸಿ, ಮೇಜರ್‌ನಿಂದ ಮೈನರ್‌ಗೆ, ಅಂದರೆ ಶಂಕರಾಭರಣದಿಂದ ನಠಭೈರವಿಯ ಕಡೆಗೆ ಹೊರಳಿಸಿದಂತೆ, ಮನಸ್ಸಿನಲ್ಲೇ ಗುನುಗಿ. ಮೈ ಜುಮ್ಮೆನ್ನುತ್ತದೆ! 1983ರ ಚಿತ್ರದಲ್ಲಿ ಗಂಡಸರ ತಗ್ಗು ದನಿಗಳು ಗುಂಯ್‌ಗುಟ್ಟಿದ್ದ ದುಷ್ಟ ಚಕ್ರವರ್ತಿಯ ಧಾಟಿಯೇ ಅದು. ಮೆರವಣಿಗೆಯಲ್ಲಿ ನಗುನಗುತ್ತ ನಿಂತಿರುವ ಪಾಲ್ಪಟೀನ್ ಮುಂದೆ ಆ ಚಕ್ರವರ್ತಿಯಾಗುವವನು. ಊರು ಗೆದ್ದೆನೆಂದು ಹಾಡುತ್ತಿದೆ. ಹಾಡು ಮಾತ್ರ ನಿಜವಾಗಿ ಗೆದ್ದವನಾರೆಂದು ಹೇಳುತ್ತಿದೆ!

ಇದೆಲ್ಲ ಮೊದಲೇ ಹಾಕಿಟ್ಟ ನಕ್ಷೆಯೇ? ಅಲ್ಲ, ವಿಸ್ಮಯ ಇರುವುದೇ ಅಲ್ಲಿ. 1977ರಲ್ಲಿ ಲ್ಯೂಕ್ ಮತ್ತು ರಾಜಕುಮಾರಿ ಲೀಯಾ ಪ್ರೇಮಿಗಳಾಗುತ್ತಾರೆಂದೇ ತಿಳಿದು ವಿಲಿಯಮ್ಸ್ ಲೀಯಾಗೆ ಪ್ರೇಮದ ಟ್ಯೂನ್ ಬರೆದಿದ್ದರು. ಆ ಇಬ್ಬರೂ ಅಣ್ಣ ತಂಗಿ ಎಂಬುದು ಸಂಯೋಜಕರಿಗೆ ಆಮೇಲೆ ತಿಳಿದದ್ದು. ಮುಂದಿನ ಕಥೆ ಅವರ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ವೇಗ ಬದಲಿಸಿದರೂ, ವಾದ್ಯ ಬದಲಿಸಿದರೂ, ನಗುವನ್ನು ಅಳುವಾಗಿಸಿದರೂ ಗುರುತು ಸಿಗುವಷ್ಟು ಸರಳವಾದ, ಗಟ್ಟಿಯಾದ ಕೆಲವು ಸ್ವರಗಳು. ಕಥೆ ಎತ್ತ ತಿರುಗಿದರೂ ಅವು ಜತೆಗೆ ತಿರುಗಿದವು. 2019ರಲ್ಲಿ ಮುಖ್ಯ ಸರಣಿಯ ಒಂಬತ್ತನೆಯ ಚಿತ್ರಕ್ಕೂ ಸಂಗೀತ ಬರೆದಾಗ ವಿಲಿಯಮ್ಸ್‌ಗೆ 87 ವರ್ಷ. ಒಂಬತ್ತು ಚಿತ್ರ, 42 ವರ್ಷ, ಒಂದೇ ಲೇಖನಿ! ಇನ್ನೊಮ್ಮೆ ನೋಡುವಾಗ ಸಂಭಾಷಣೆಯ ಜತೆಗೇ ಆರ್ಕೆಸ್ಟ್ರಾಕ್ಕೂ ಕಿವಿಗೊಡಿ. ಪಾತ್ರಗಳು ಬಚ್ಚಿಡುವುದನ್ನೆಲ್ಲ ಅದು ಬಾಯಿಬಿಟ್ಟು ಹೇಳುತ್ತದೆ.