ಹಿಂದಿನ ಕಿಂಡಿಗಳು ಮುಂದಕ್ಕೆ

ಕಂಪ್ಯೂಟರಿನಲ್ಲಿ ಆಟವಾಡಲು ಕುಳಿತವನು ಮೊದಲು ಮೇಜಿನ ಕೆಳಗೆ ನುಸುಳಬೇಕಾಗಿದ್ದ ಕಾಲವೊಂದಿದ್ದಿತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಜಾಯ್‌ಸ್ಟಿಕ್ಕಿನ ತಂತಿ; ಬೆನ್ನಿಗೆ ಗೋಡೆ, ಮೂಗಿಗೆ ಧೂಳು. ಪೆಟ್ಟಿಗೆಯ ಹಿಂಬದಿಯಲ್ಲಿ ಸಾಲಾಗಿ ನಿಂತ ಕಿಂಡಿಗಳ ನಡುವೆ ಬೇಕಾದುದನ್ನು ಬೆರಳಿನಿಂದ ತಡವಿ, ಎರಡು ಬಾರಿ ತಲೆಕೆಳಗಾಗಿ ಚುಚ್ಚಿ, ಮೂರನೆಯ ಬಾರಿ ಸರಿಯಾಗಿ ಕೂರಿಸಿ ಹೊರಬರುವಷ್ಟರಲ್ಲಿ ಉತ್ಸಾಹ ಅರ್ಧ ಇಳಿದಿರುತ್ತಿತ್ತು. 1990ರ ದಶಕದ ಆಟಗಳನ್ನು ಆ ದಶಕದ ಯಂತ್ರದಲ್ಲಿಯೇ ಆಡಬೇಕೆಂದು ಹಳೆಯ ಕಂಪ್ಯೂಟರುಗಳನ್ನು ಅಟ್ಟದಿಂದ ಇಳಿಸುವ ಹವ್ಯಾಸಿಗಳು ಇಂದು ಹಲವು ದೇಶಗಳಲ್ಲಿದ್ದಾರೆ. ಯಂತ್ರದೊಡನೆ ಈ ಕಷ್ಟವೂ ಅವರಿಗೆ ಬಳುವಳಿಯಾಗಿ ಬರುತ್ತದೆ. ಪೋರ್ಟುಗಳೆಂದು ಕರೆಯುವ ಆ ಕಿಂಡಿಗಳನ್ನು ಮುಂಭಾಗಕ್ಕೆ ತರುವ ಕೆಲಸ ಅವರಲ್ಲಿ ಬಹು ಪ್ರಿಯವಾಗಿರುವುದು ಈ ಕಾರಣದಿಂದಲೇ.

ಕಿಂಡಿಗಳು ಹಿಂದಕ್ಕೆ ಹೋದುದೇಕೆ? 1981ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಹೆಚ್ಚಿನ ಸೌಕರ್ಯಗಳೆಲ್ಲ ಪ್ರತ್ಯೇಕ ಕಾರ್ಡುಗಳ ರೂಪದಲ್ಲಿದ್ದವು. ಕಾರ್ಡುಗಳನ್ನು ನೆಟ್ಟಗೆ ಸಿಕ್ಕಿಸುವ ಐದು ಸ್ಲಾಟುಗಳು ಪೆಟ್ಟಿಗೆಯ ಹಿಂಬದಿಗೆ ತಾಗಿದ್ದವು. ಕಾರ್ಡಿನ ತುದಿಯ ಲೋಹದ ಪಟ್ಟಿಯೇ ಹೊರಗೋಡೆಯಾಗುತ್ತಿತ್ತು. ಆಟದ ಕಾರ್ಡಿನ ಹದಿನೈದು ಪಿನ್ನುಗಳ ಕಿಂಡಿಯೂ ಹೀಗೆಯೇ ಹಿಂದಕ್ಕೆ ಮುಖಮಾಡಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಬಂದಾಗ ಧ್ವನಿ ಮತ್ತು ಆಟ ಎರಡೂ ಒಂದೇ ಕಾರ್ಡಿನಲ್ಲಿ ಸೇರಿದವು. ಆದರೆ ಕಿಂಡಿ ಮಾತ್ರ ಇದ್ದಲ್ಲಿಯೇ ಉಳಿಯಿತು.

ಸ್ಥಳಾಂತರವನ್ನು ಎಲ್ಲಕ್ಕಿಂತ ಸುಲಭವಾಗಿ ಸಹಿಸುವುದು ಈ ಆಟದ ಕಿಂಡಿಯೇ. ಅದರ ಒಳಗುಟ್ಟು ಸ್ವಾರಸ್ಯವಾಗಿದೆ. ಜಾಯ್‌ಸ್ಟಿಕ್ಕಿನ ಹಿಡಿಯನ್ನು ಅತ್ತಿತ್ತ ಓಲಾಡಿಸಿದಾಗ ಅದರ ಬುಡದಲ್ಲಿರುವ ರೋಧಕದ ಬೆಲೆಯು ಸೊನ್ನೆಯಿಂದ ಸುಮಾರು 100 ಕಿಲೋ ಓಮ್‌ವರೆಗೆ ಬದಲಾಗುತ್ತದೆ. ಕಾರ್ಡಿನಲ್ಲಿರುವ ಪುಟ್ಟ ಕೆಪಾಸಿಟರೊಂದು ಆ ರೋಧಕದ ಮೂಲಕ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಅದು ತುಂಬಲು ಹಿಡಿದ ಕಾಲವನ್ನು ಕಂಪ್ಯೂಟರು ಎಣಿಸುತ್ತ ಕುಳಿತಿರುತ್ತದೆ. ಬೇಗ ತುಂಬಿದರೆ ಹಿಡಿ ಒಂದು ಕಡೆ, ತಡವಾದರೆ ಇನ್ನೊಂದು ಕಡೆ. ವಿಮಾನದ ಆಟದಲ್ಲಿ ರೆಕ್ಕೆ ವಾಲುವುದೂ ಮೂಗು ಏರುವುದೂ ಈ ಎಣಿಕೆಯಿಂದಲೇ. ಇಂತಹ ಏರ್ಪಾಟಿನಲ್ಲಿ ಅರ್ಧ ಮೀಟರು ತಂತಿ ಹೆಚ್ಚಾದರೆ ಏನೂ ಕೆಡುವುದಿಲ್ಲ. ತಂತಿಯ ರೋಧವು ಒಂದು ಓಮ್‌ಗಿಂತಲೂ ಕಡಿಮೆ, ಲಕ್ಷದ ಮುಂದೆ ಅದು ಯಾವ ಲೆಕ್ಕಕ್ಕೂ ಬಾರದು.

ಆದುದರಿಂದ ಹದಿನೈದು ಎಳೆಗಳ ಚಪ್ಪಟೆ ಕೇಬಲ್ಲಿನ ಎರಡು ತುದಿಗೂ ಕನೆಕ್ಟರುಗಳನ್ನು ಕೂರಿಸಿ, ಒಂದನ್ನು ಕಾರ್ಡಿಗೆ, ಇನ್ನೊಂದನ್ನು ಮುಂಭಾಗಕ್ಕೆ ಬಿಗಿದರೆ ಕೆಲಸ ಮುಗಿಯಿತು. ಹಿಂಬದಿಯ ಯಾವುದಾದರೂ ಖಾಲಿ ಸ್ಲಾಟಿನ ತೆರಪಿನಿಂದ ಕೇಬಲ್ಲು ಒಳಗೆ ನುಸುಳಬಲ್ಲದು. ಎಚ್ಚರಿಕೆ ಎರಡೇ. ಪರದೆಗೆ ಬಳಸುವ ವಿಜಿಎ ಕೇಬಲ್ಲಿಗೂ ಹದಿನೈದು ಪಿನ್ನುಗಳಿವೆ. ಆದರೆ ಅಲ್ಲಿ ಮೂರು ಸಾಲು, ಇಲ್ಲಿ ಎರಡು. ಅಂಗಡಿಯಲ್ಲಿ ಪಿನ್ನುಗಳನ್ನು ಮಾತ್ರ ಎಣಿಸಿ ಸಾಲುಗಳನ್ನು ಎಣಿಸದೆ ಬಂದವನು ಮರಳಿ ಹೋಗಬೇಕಾಗುತ್ತದೆ. ಎರಡನೆಯದು, ಈ ಕಿಂಡಿಯಲ್ಲಿ ಐದು ವೋಲ್ಟಿನ ವಿದ್ಯುತ್ತೂ ಹರಿಯುತ್ತದೆ. ಎಳೆಗಳು ಒಂದನ್ನೊಂದು ತಾಕಿದರೆ ಬೆಲೆಯುಳ್ಳ ಹಳೆಯ ಕಾರ್ಡೇ ಬಲಿಯಾಗಬಹುದು.

ಯುಎಸ್‌ಬಿ ಇಷ್ಟು ಸಾಧು ಸ್ವಭಾವದ್ದಲ್ಲ. 1996ರಲ್ಲಿ ಹೊರಬಂದ ಈ ವ್ಯವಸ್ಥೆಯ ಹಿಂದೆ ಬರೋಡದ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕೆಗೆ ಹೋದ, ಇಂಟೆಲ್ ಸಂಸ್ಥೆಯ ಅಜಯ್ ಭಟ್ ಅವರ ಪಾತ್ರ ದೊಡ್ಡದು. ವಿಂಡೋಸ್ 98 ಬಂದ ಕಾಲದ ಅನೇಕ ಮದರ್‌ಬೋರ್ಡುಗಳಲ್ಲಿ ಹೆಚ್ಚಿನ ಯುಎಸ್‌ಬಿ ಕಿಂಡಿಗಳಿಗಾಗಿ ಪಿನ್ನುಗಳ ಪುಟ್ಟ ಸಾಲೊಂದನ್ನು ಬಿಟ್ಟಿರುತ್ತಿದ್ದರು. ಒಂದು ಕಿಂಡಿಗೆ ಬೇಕಾದುದು ನಾಲ್ಕೇ ತಂತಿ: ಐದು ವೋಲ್ಟು, ಮಾಹಿತಿಯ ಜೋಡಿ, ಭೂಮಿ. ತೊಂದರೆ ಇರುವುದು ಅವುಗಳ ಕ್ರಮದಲ್ಲಿ. ಮುಂದೆ ಎಲ್ಲರೂ ಒಂದೇ ಕ್ರಮಕ್ಕೆ ಒಪ್ಪಿದರೂ, ಆ ಮೊದಲ ವರ್ಷಗಳಲ್ಲಿ ತಯಾರಕರು ತಮಗೆ ತೋಚಿದಂತೆ ಪಿನ್ನುಗಳನ್ನು ಜೋಡಿಸಿದರು. ಕೆಲವು ಬೋರ್ಡುಗಳಲ್ಲಿ ಎರಡನೆಯ ಸಾಲು ಮೊದಲನೆಯದಕ್ಕೆ ತಿರುಗುಮುರುಗು. ಇಂದು ಕೊಂಡ ಕೇಬಲ್ಲನ್ನು ನಂಬಿ ಹಾಗೆಯೇ ಸಿಕ್ಕಿಸಿದರೆ ಐದು ವೋಲ್ಟು ಇರಬೇಕಾದಲ್ಲಿ ಭೂಮಿ, ಭೂಮಿ ಇರಬೇಕಾದಲ್ಲಿ ಐದು ವೋಲ್ಟು ಬಂದೀತು. ಹಾಗಾದಾಗ ಸುಡುವುದು ಇನ್ನೆಲ್ಲಿಯೂ ಹೊಸದಾಗಿ ದೊರೆಯದ ಇಪ್ಪತ್ತೈದು ವರ್ಷದ ಬೋರ್ಡು.

ಅನುಭವಿಗಳು ಆತುರಪಡುವುದಿಲ್ಲ. ಬೋರ್ಡಿನ ಕೈಪಿಡಿಯನ್ನು ಹುಡುಕಿ ಓದುತ್ತಾರೆ. ಅಷ್ಟಕ್ಕೇ ನಿಲ್ಲದೆ ಮಲ್ಟಿಮೀಟರಿನಿಂದ ಪ್ರತಿ ಪಿನ್ನನ್ನೂ ಅಳೆದು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ತಂತಿಗಳನ್ನು ಜೋಡಿಸಿದ ಮೇಲೆ ಮುಂಭಾಗದ ಕಿಂಡಿಯಲ್ಲಿ ಮತ್ತೊಮ್ಮೆ ಅಳತೆ. ಆಮೇಲೂ ಮೊದಲು ಚುಚ್ಚುವುದು ಹೋದರೂ ದುಃಖವಿಲ್ಲದ ಹಳೆಯ ಮೌಸೊಂದನ್ನು. ಇಷ್ಟೆಲ್ಲ ಆಗಿ ಪೆನ್ ಡ್ರೈವ್ ಚುಚ್ಚಿದರೆ, ತಕ್ಕ ತಂತ್ರಾಂಶವನ್ನು ಪ್ರತ್ಯೇಕವಾಗಿ ಹಾಕದ ಹೊರತು, ವಿಂಡೋಸ್ 98 ಅದನ್ನು ಗುರುತು ಹಿಡಿಯದು ಎಂಬುದು ಬೇರೆಯ ಮಾತು! ಡಾಸ್‌ಗಂತೂ ಯುಎಸ್‌ಬಿಯ ಪರಿಚಯವೇ ಇಲ್ಲ.

ಹೆಡ್‌ಫೋನಿನ ಕಿಂಡಿಗೆ ಕವಚವುಳ್ಳ ತಂತಿ ಬೇಕು. ಬರಿಯ ತಂತಿಯನ್ನು ಫ್ಯಾನಿನ ಪಕ್ಕದಲ್ಲಿ ಒಯ್ದರೆ ಸಂಗೀತದೊಡನೆ ಗುಂಯ್‌ಗುಡುವಿಕೆಯೂ ಕೇಳೀತು. ದುಂಡನೆಯ ಪಿಎಸ್/2 ಕೀಬೋರ್ಡ್ ಕಿಂಡಿಯನ್ನು ಮಾತ್ರ ಹಿಂದೆಯೇ ಬಿಡುವುದು ಮೇಲು. ಯಂತ್ರ ನಡೆಯುತ್ತಿರುವಾಗ ಅದನ್ನು ಕೀಳುವುದೂ ಚುಚ್ಚುವುದೂ ಸಲ್ಲದು. ಬೋರ್ಡಿನ ಫ್ಯೂಸು ಹಾರಬಹುದು. ಕೈಗೆಟುಕುವಂತಾದರೆ ಮಕ್ಕಳು ಕಿತ್ತೇ ಕೀಳುವರು.

ಇನ್ನು ರಂಧ್ರದ ಪ್ರಶ್ನೆ. ಕ್ರಿಯೇಟಿವ್ ಸಂಸ್ಥೆಯೇ ಹಿಂದೆ ಲೈವ್ ಡ್ರೈವ್ ಎಂಬ ಉಪಕರಣವನ್ನು ಮಾರಿದ್ದಿತು: ಸಿಡಿ ಡ್ರೈವಿನ ಅಗಲದ, ಮುಂಭಾಗದ 5.25 ಅಂಗುಲದ ಖಾನೆಯಲ್ಲಿ ಕೂರುವ, ಧ್ವನಿಯ ಕಿಂಡಿಗಳುಳ್ಳ ಪೆಟ್ಟಿಗೆ. ಹವ್ಯಾಸಿಗಳು ಅನುಸರಿಸಬೇಕಾದ ದಾರಿಯೂ ಅದೇ. ಪೆಟ್ಟಿಗೆಯ ಮೂಲ ಫಲಕಕ್ಕೇ ಡ್ರಿಲ್ ಹಿಡಿಯುವವರೂ ಇದ್ದಾರೆ; ಅದು ಅವಿವೇಕವೆಂದೇ ಹೇಳಬೇಕು. ಬಿಸಿಲಿಗೆ ಹಳದಿಗಟ್ಟಿದ ಆ ಕಾಲದ ಪ್ಲಾಸ್ಟಿಕ್ಕು ಪೆಡಸಾಗಿರುತ್ತದೆ; ಡ್ರಿಲ್ಲಿನ ಮೊನೆ ತಗುಲಿದೊಡನೆ ಅಂಚಿನವರೆಗೂ ಸೀಳು ಬಿಡಬಹುದು. ಸೀಳಿದ ಫಲಕಕ್ಕೆ ಬದಲಿ ಇಲ್ಲ. ಖಾಲಿ ಖಾನೆಯ ಮುಚ್ಚಳವಾದರೋ ಬೆರಳಿನಿಂದ ಒತ್ತಿದರೆ ಕಳಚಿ ಬರುತ್ತದೆ. ಅದರ ಅಳತೆಗೆ ತೆಳುವಾದ ಅಲ್ಯೂಮಿನಿಯಂ ಇಲ್ಲವೆ ಹೊಸ ಪ್ಲಾಸ್ಟಿಕ್ಕಿನ ಹಲಗೆಯನ್ನು ಕತ್ತರಿಸಿ, ಅಂಚುಗಳನ್ನು ಅರದಿಂದ ನಯಗೊಳಿಸಿ, ಬೇಕಾದಷ್ಟು ರಂಧ್ರಗಳನ್ನು ಅದರಲ್ಲಿ ಕೊರೆಯಬಹುದು. ಕೆಟ್ಟರೆ ಇನ್ನೊಂದು ಹಲಗೆ, ಅಷ್ಟೇ.

ಕಳಚಿದ ಹಳೆಯ ಮುಚ್ಚಳವನ್ನು ಬಲ್ಲವರು ಎಸೆಯುವುದಿಲ್ಲ. ಪಿನ್ನುಗಳ ಕ್ರಮವನ್ನು ಬರೆದುಕೊಂಡ ಕಾಗದದಲ್ಲಿ ಅದನ್ನು ಸುತ್ತಿ, ಯಂತ್ರದ ಪೆಟ್ಟಿಗೆಯೊಳಗೇ ಫ್ಯಾನಿಗೆ ತಾಗದ ಮೂಲೆಯಲ್ಲಿ ಟೇಪಿನಿಂದ ಅಂಟಿಸಿಡುತ್ತಾರೆ. ಮುಂದೆ ಆ ಯಂತ್ರ ಯಾರ ಕೈ ಸೇರಿದರೂ ಮುಚ್ಚಳ ಅದರೊಡನೆಯೇ ಹೋಗುತ್ತದೆ.