ಎರಡು ಮಾನ್ಸೂನ್ ನಡುವೆ ಸಮುದ್ರದ ಓಟ

ಮುಂಗಾರು ಕೇರಳಕ್ಕೆ ಬಂದರೆ ಸುದ್ದಿ, ವಾಪಸ್ ಹೋದರೂ ಸುದ್ದಿ. ಆದರೆ ನೈಋತ್ಯ, ಈಶಾನ್ಯ ಮಾನ್ಸೂನ್‌ಗಳ ನಡುವಿನ ಗ್ಯಾಪ್‌ನಲ್ಲಿ ಹಿಂದೂ ಮಹಾಸಾಗರ ಏನು ಮಾಡ್ತಿರುತ್ತೆ? ದಿನವಿಡೀ ಕೋಡ್ ಬರೆಯುವ ನನಗೆ ಇದರ ಉತ್ತರ ಭಾರೀ ಇಷ್ಟವಾಯಿತು.

ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಅಲ್ಲಿ ಸಮಭಾಜಕದ ಉದ್ದಕ್ಕೂ ಪಶ್ಚಿಮದಿಂದ ಗಾಳಿ ಬೀಸುತ್ತೆ. ಅದರ ಹಿಂದೆಯೇ ಮೇಲ್ಪದರದ ನೀರು ಪೂರ್ವಕ್ಕೆ, ಸುಮಾತ್ರಾ ಕಡೆಗೆ ಓಡುತ್ತೆ. ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ನಾವು ಆರಾಮಾಗಿ ನಡೆಯೋ ವೇಗ, ಅಷ್ಟೇ ತಾನೆ ಅನ್ನಬೇಡಿ. ನೂರಾರು ಕಿ.ಮೀ. ಅಗಲದ ನೀರು ನಿಲ್ಲದೆ ಹೀಗೆ ನಡೆದರೆ ದಿನಕ್ಕೆ 86 ಕಿ.ಮೀ. ಆಯ್ತು!

ಹವಾಯಿ ವಿಶ್ವವಿದ್ಯಾಲಯದ ಸಾಗರ ವಿಜ್ಞಾನಿ ಕ್ಲಾಸ್ ವಿರ್ಟ್ಕಿ 1973ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಇದರ ಹೆಸರು 'ವಿರ್ಟ್ಕಿ ಜೆಟ್'.

ಸಮಭಾಜಕದಲ್ಲೇ ಯಾಕೆ? ಭೂಮಿ ತಿರುಗೋದರಿಂದ ಉತ್ತರಾರ್ಧಗೋಳದಲ್ಲಿ ಹರಿಯುವ ನೀರು ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ ವಾಲುತ್ತೆ. ಸಮಭಾಜಕದ ಮೇಲೆ ಈ ವಾಲುವಿಕೆ ಸೊನ್ನೆ. ಹಾಗಾಗಿ ಗಾಳಿ ತಳ್ಳಿದ ಕಡೆಗೇ ನೀರು ನೇರವಾಗಿ ಹೋಗುತ್ತೆ. ಪಶ್ಚಿಮದ ಗಾಳಿಗೆ ಎರಡೂ ಬದಿಯ ನೀರು ವಾಲುವುದು ಸಮಭಾಜಕದ ಕಡೆಗೇ. ಪೆಸಿಫಿಕ್, ಅಟ್ಲಾಂಟಿಕ್‌ಗಳಲ್ಲಿ ಸಾಮಾನ್ಯವಾಗಿ ಗಾಳಿ ಪೂರ್ವದಿಂದ ಬೀಸುತ್ತೆ, ಮೇಲ್ಮೈ ನೀರು ಪಶ್ಚಿಮಕ್ಕೆ ಹೋಗುತ್ತೆ. ನಮ್ಮ ಸಾಗರದ ಲೆಕ್ಕವೇ ಬೇರೆ.

ಈ ಓಟದಿಂದ ಬಿಸಿನೀರು ಸುಮಾತ್ರಾ ಬದಿಗೆ ಸೇರುತ್ತೆ, ಅಲ್ಲಿ ಸಮುದ್ರಮಟ್ಟವೂ ಸ್ವಲ್ಪ ಏರುತ್ತೆ. ಬಿಸಿನೀರಿನ ಮೇಲೆ ಮೋಡ ಕಟ್ಟುತ್ತೆ, ಮಳೆ ಬರುತ್ತೆ.

ಕೆಲವು ವರ್ಷ ಪೂರ್ವದ ಗಾಳಿ ಜೋರಾಗಿ, ಅಕ್ಟೋಬರ್ ಹೊತ್ತಿನ ಜೆಟ್ ಸೊರಗುತ್ತೆ. ಸುಮಾತ್ರಾ ಬಳಿಯ ನೀರು ತಣ್ಣಗಾಗುತ್ತೆ, ಆಫ್ರಿಕಾ ಬದಿಯದು ಬಿಸಿಯಾಗುತ್ತೆ. ಇದೇ ಹಿಂದೂ ಮಹಾಸಾಗರದ ಧನಾತ್ಮಕ ದ್ವಿಧ್ರುವ, ಅಂದರೆ ಪಾಸಿಟಿವ್ ಐಓಡಿ. 2019ರಲ್ಲಿ ಅದು ತೀವ್ರವಾಗಿತ್ತು. ವರ್ಷದ ಕೊನೆಯಲ್ಲಿ ಪೂರ್ವ ಆಫ್ರಿಕಾದಲ್ಲಿ ಪ್ರವಾಹ, ಆಸ್ಟ್ರೇಲಿಯಾದಲ್ಲಿ ಬರ ಮತ್ತು ಕಾಡ್ಗಿಚ್ಚು. ಎರಡಕ್ಕೂ ಐಓಡಿ ಒಂದು ಮುಖ್ಯ ಕಾರಣ. ಗಾಳಿ ಚೂರು ದಿಕ್ಕು ತಪ್ಪಿದ್ದಕ್ಕೆ ಒಂದು ಕಡೆ ಮನೆ ಮುಳುಗಿತು, ಇನ್ನೊಂದು ಕಡೆ ಕಾಡು ಉರಿಯಿತು.

ನಮಗೇನು ಅಂತೀರಾ? ನಮ್ಮ ಹವಾಮಾನ ಇಲಾಖೆಯ ಮುಂಗಾರು ಮುನ್ಸೂಚನೆಯಲ್ಲೂ ಐಓಡಿ ಹೆಸರು ಇದ್ದೇ ಇರುತ್ತೆ. ಸಮಭಾಜಕದ ಆಸುಪಾಸಿನಲ್ಲಿ ಲಂಗರು ಹಾಕಿದ ತೇಲುಗಳು ಗಾಳಿ, ನೀರಿನ ಬಿಸಿ, ಹರಿವನ್ನು ಅಳೆಯುತ್ತಲೇ ಇರುತ್ತವೆ. ಮುಂದಿನ ಸಲ ಮೊಬೈಲ್‌ನಲ್ಲಿ 'ಐಓಡಿ ಪಾಸಿಟಿವ್' ಅನ್ನೋ ಹೆಡ್‌ಲೈನ್ ಕಂಡರೆ ಸ್ಕ್ರೋಲ್ ಮಾಡಬೇಡಿ. ಅಷ್ಟು ದೂರದ ಆ ನೀರಿನ ಓಟಕ್ಕೂ ನಮ್ಮ ಮಳೆಗೂ ನಂಟಿದೆ.